ನೆಗೆಣ್ಣಿಯ ಝಡ್ ಡ್ರೈವು

ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಹೊಡೆದು, ರಂಗೋಲಿ ಎಳೆದು, ಹಾಲು ಕಾಯಲಿಟ್ಟು, ಮಹಡಿಯ ಮೇಲೆ ಸುನಂದಾ ರೊಟ್ಟಿ ಬಡಿಯುವ ಸಪ್ಪಳಕ್ಕೆ ಕಿವಿಗೊಡುವುದು ನನ್ನ ದಿನಚರಿ. ಸುನಂದಾ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಅವಳ ಬಡಿತದಲ್ಲಿ ತಾಳವಿದೆ, ನನ್ನದರಲ್ಲಿ ಬರೀ ಗದ್ದಲ. ನನ್ನ ಕಾನ್ವೆಂಟಿನ ಸಿಸ್ಟರುಗಳು ಚಮಚವನ್ನು ತಾಟಿನ ಯಾವ ಬದಿಗೆ ಇಡಬೇಕೆಂದು ಕಲಿಸಿದರು; ರೊಟ್ಟಿಯನ್ನು ಹರಿಯದಂತೆ ಹಂಚಿಗೆ ಹಾಕುವುದನ್ನು ಕಲಿಸಲಿಲ್ಲ. ಹೋದ ವಾರ ಬೀಗರ ಮುಂದೆ ಸುನಂದಾ, "ಇದು ನಮ್ಮಕ್ಕನ ಕಾನ್ವೆಂಟ್ ರೊಟ್ಟಿರಿ. ಯಾವ ದೇಶದ ನಕಾಶಿ ಅಂತ ನೀವ ಗುರ್ತ ಹಿಡೀರಿ" ಎಂದು ಎಲ್ಲರನ್ನೂ ನಗಿಸಿದಳು. ಅಂದಿನಿಂದ ನಾನು ಮೆಟ್ಟಿಲು ಹತ್ತಿಲ್ಲ. ಹಿರಿಯಳು ನಾನು, ಮೊದಲು ಮಾತಾಡಬೇಕಾದವಳು ಅವಳು.

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಶಕೀಲಾಬಾನು ಬಂದು ನಿಂತರು. ಅವರ ಮಗಳ ಮದುವೆಯ ಇಳಕಲ್ ಸೀರೆಗೆಂದು ನಾನೂ ಸುನಂದಾನೂ ಕೂಡಿ ಕಸೂತಿಯ ಬಳ್ಳಿಯೊಂದನ್ನು ಬರೆದಿದ್ದೆವು.

"ಕಸೂತಿ ಹಾಕಾಕಿ ಸಂಜಿ ಬಸ್ಸಿಗೆ ಕೆರೂರಿಗೆ ಹೊಂಟಾಳ್ರಿ ಅಕ್ಕಾರ. ಫೋನ್ ನೋಡಿ ಎಳಿ ಎಣಸಾಂಗಿಲ್ಲಂತ, ಕಾಗದನ ಬೇಕಂತ. ಇವತ್ತ ಕೊಡಲಿಲ್ಲಂದ್ರ ನನ್ನ ಮಗಳಿಗೆ ಬರೇ ಸೀರಿನ ಗತಿ."

ಆ ಬಳ್ಳಿಯನ್ನು ಬರೆದದ್ದು ನನ್ನ ಲ್ಯಾಪ್‌ಟಾಪಿನಲ್ಲಿ, ಇಟ್ಟದ್ದು ಸುನಂದಾಳ ಕಂಪ್ಯೂಟರಿನಲ್ಲಿ. ಅವಳ ಫೋಲ್ಡರು ಮನೆಯ ವೈಫೈ ಮೂಲಕ ಪಡಸಾಲೆಯಲ್ಲಿರುವ ಯಜಮಾನರ ವಿಂಡೋಸ್ ಕಂಪ್ಯೂಟರಿನಲ್ಲಿ ಝಡ್ ಡ್ರೈವ್ ಎಂಬ ಹೆಸರಿನಿಂದ ಕಾಣುತ್ತದೆ. ಆದರೆ ಆ ಚಿತ್ರ ತೆರೆದುಕೊಳ್ಳುವುದು ತವರಿನ ಅಣ್ಣ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟ ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ. ಪೆನ್‌ಡ್ರೈವು ಯಜಮಾನರ ಕಿಸೆಯಲ್ಲಿ ಕೂತು ಹುನಗುಂದಕ್ಕೆ ಹೋಗಿತ್ತು. ಮಹಡಿಯ ಅವಳ ಕಂಪ್ಯೂಟರನ್ನು ನನ್ನ ಲ್ಯಾಪ್‌ಟಾಪಿನಿಂದ ನೇರ ಮುಟ್ಟಹೋದರೆ ಪಾಸ್‌ವರ್ಡ್ ಕೇಳುತ್ತದೆ. ಅದಕ್ಕೇ ಝಡ್ಡನ್ನೇ ಯಜಮಾನರ ಕಂಪ್ಯೂಟರಿನಿಂದ ನನ್ನ ಲ್ಯಾಪ್‌ಟಾಪಿಗೆ ಹಂಚಿಕೊಳ್ಳುವ ಉಪಾಯ ಹೂಡಿದೆ. ನೆಗೆಣ್ಣಿ ನನ್ನ ಗಂಡನ ತಾಟಿಗೆ ಬಡಿಸಿದ ಚಟ್ನಿಯಲ್ಲಿ ನಾನೊಂದು ಬೆರಳು ಅದ್ದಿಕೊಂಡಂತೆ; ಅವಳನ್ನು ಕೇಳಿದಂತೆ ಆಗಬಾರದು, ಅಷ್ಟೆ.

ಉಳಿದ ಡ್ರೈವುಗಳಿಗೆಲ್ಲ ಹಂಚುವ ಆಯ್ಕೆ ಇತ್ತು, ಝಡ್ಡಿಗೆ ಮಾತ್ರ ಇಲ್ಲ. ಇಸಕೊಂಡ ಪಾತ್ರೆಯನ್ನು ಮೂರನೆಯವರಿಗೆ ಕೊಡಗೊಡದ ನಮ್ಮ ಅತ್ತೆಯವರ ಹಾಗೆ ಕಂಪ್ಯೂಟರು ಮುಖ ಗಂಟುಹಾಕಿ ಕೂತಿತು. ಕಾಪಿ ಮಾಡಿಕೊಂಡು ಹಂಚಬಹುದಿತ್ತು ಎಂದು ಇದನ್ನು ಬರೆಯುವಾಗ ಹೊಳೆಯುತ್ತಿದೆ; ಸಿಟ್ಟಿನಲ್ಲಿದ್ದವಳಿಗೆ ಆಗ ಹೊಳೆಯಲಿಲ್ಲ. ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಪಡಸಾಲೆಗೆ ಓಡಾಡಿದ್ದೇ ಓಡಾಡಿದ್ದು. ಹಾಲು ಉಕ್ಕಿತು, ಬೇಳೆ ತಳ ಹಿಡಿಯಿತು. ಯಜಮಾನರಿಗೆ ಫೋನ್ ಮಾಡಿದರೆ, "ಸುನಂದಾನ ಕೇಳು, ಮ್ಯಾಲೆ ಅದಾಳಲ್ಲ" ಎಂದರು. ಗಂಡಸರಿಗೆ ಮೆಟ್ಟಿಲೆಂದರೆ ಬರೀ ಮೆಟ್ಟಿಲು.

ಬಿಸಿಲು ಇಳಿಯಿತು. ಗೋಡೆಯಾಚೆ ಶಕೀಲಾಬಾನು ಕೆಮ್ಮಿದರು. ಕೊನೆಗೆ ಮೊದಲ ಮೆಟ್ಟಿಲ ಮೇಲೆ ಒಂದೇ ಕಾಲಿಟ್ಟು (ಅದನ್ನು ಹತ್ತಿದೆ ಅನ್ನಲಾಗದು) ಕೂಗಿದೆ: "ಸುನಂದಾ, ನಿನ್ನ ಪಾಸ್‌ವರ್ಡ್ ಏನು?"

ಮೇಲೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ, "ನಾನ ಬಂದು ಹಾಕ್ತೇನಿ ಬಿಡ್ರಿ ಅಕ್ಕಾ."

"ಬ್ಯಾಡ. ಅಲ್ಲಿಂದನ ಹೇಳು."

"ಬೈಬಾರದು ಮತ್ತ."

"ಹೇಳವಾ, ಬಸ್ ಹೋಗ್ತೈತಿ!"

ಅವಳೇನೋ ಗೊಣಗಿದಳು. ನನಗೆ ಕೇಳಿಸಲಿಲ್ಲ. "ಗಟ್ಟಿ ಹೇಳು" ಎಂದೆ. ಹೇಳಿದಳು, ಇಡೀ ಓಣಿಗೆ ಕೇಳುವಂತೆ: "ಕಾನ್ವೆಂಟ್ ರೊಟ್ಟಿ! ನಡುವ ಜಾಗಾ ಬಿಡಬ್ಯಾಡ್ರಿ!"

ನನ್ನ ಅವಮಾನವನ್ನು ನನ್ನ ಕೈಯಾರೆ ಒಂದೊಂದೇ ಅಕ್ಷರವಾಗಿ ಒತ್ತಿದೆ. ಬಳ್ಳಿ ತೆರೆದುಕೊಂಡಿತು. ಹಾಳೆ ಪ್ರಿಂಟರಿನಿಂದ ಹೊರಬರುವಷ್ಟರಲ್ಲಿ ಸುನಂದಾ ಕೆಳಗಿಳಿದು ಬಂದು, ನನ್ನ ಮುಖ ನೋಡದೆ, ಅದರ ಅಂಚನ್ನು ನೀಟಾಗಿ ಕತ್ತರಿಸಿ ಕೊಟ್ಟಳು. ಇಬ್ಬರಿಗೂ ನಗು ಬಂತು. ಯಾರು ಮೊದಲು ಮಾತಾಡಿದರು ಎಂಬ ಲೆಕ್ಕ ಅಲ್ಲಿಗೆ ತಪ್ಪಿತು.

ಸಂಜೆ ಶಕೀಲಾಬಾನು ಬಸ್ ಸ್ಟ್ಯಾಂಡಿನಿಂದ ಹಗುರಾಗಿ ಬಂದರು. ಹಾಳೆ ಬಸ್ ಹತ್ತಿತ್ತು. ಚಹಾ ಕುಡಿದು ಕಪ್ಪು ಕೆಳಗಿಟ್ಟು, ಹೊಸ್ತಿಲು ದಾಟುತ್ತಾ ಅಂದರು:

"ಅಕ್ಕಾರ, ಆ ಪಾಸ್‌ವರ್ಡ್ ರೊಟ್ಟಿ ಒಂದು ಇದ್ರ ಕೊಡ್ರಿ. ನಮ್ಮ ಮನ್ಯಾಗ ಎಲ್ಲಾರೂ ನೋಡಬೇಕು ಅನ್ನಾಕತ್ತಾರ."