ನನ್ನ ಹೆಸರಿನ ರಾತ್ರಿ ಪಾಳಿ

ಹೆದರಿಕೆ ಗಂಡಸರಿಗೂ ಇರುತ್ತದೆ; ಅದನ್ನು ಮುಚ್ಚಿಡಲು ಅವರಿಗೆ ಮೀಸೆಯೊಂದಿರುತ್ತದೆ, ಅಷ್ಟೇ. ನನ್ನ ಮೀಸೆ ಸಾಕಷ್ಟು ದೊಡ್ಡದು. ಅದನ್ನು ನೋಡಿಯೇ ಮೂಡಲಗಿಯ ಒಂದು ಮಹಿಳಾ ಪತ್ತಿನ ಸಂಘದವರು ನನ್ನನ್ನು ರಾತ್ರಿ ಕಾವಲಿಗೆ ಇಟ್ಟುಕೊಂಡರು. ಕತ್ತಲಲ್ಲಿ ಎತ್ತು ಕೆಮ್ಮಿದರೂ ನನ್ನ ಎದೆ ಡವಗುಟ್ಟುತ್ತದೆಂಬುದು ಅವರಿಗೇನು ಗೊತ್ತು?

ಖರೆ ಹೇಳಬೇಕೆಂದರೆ, ಆ ಕೆಲಸ ಕೇಳಲು ಮೊದಲು ಹೋದವಳು ನನ್ನ ಹೆಂಡತಿ ಶಾಂತವ್ವ. ತುಕ್ಕಾನಟ್ಟಿಯ ತವರಿನಲ್ಲಿ ಗೋವಿನಜೋಳದ ಹೊಲ ಕಾಯುತ್ತ ಹಂದಿ ಓಡಿಸಿದವಳು. ಸಂಘದಲ್ಲಿ ಎಲ್ಲ ಕೆಲಸವೂ ಹೆಂಗಸರಿಗೇ ಎಂದು ಕೇಳಿ, ತನ್ನ ಹೆಸರಿಗೂ ಒಂದು ಪಗಾರ ಬರಲಿ ಎಂಬ ಆಸೆಯಿಂದ ಹೋಗಿದ್ದಳು. ಅಧ್ಯಕ್ಷೆ ಒಳ್ಳೆಯವರೇ. ನೌಕರಿ ಕೊಡುವಾಗ ಗಂಡು ಹೆಣ್ಣೆಂದು ಭೇದ ಮಾಡಬಾರದೆಂಬ ಕಾಯ್ದೆಯಿದೆ, ಆದರೆ ಅದಕ್ಕೂ ಅಪವಾದವಿದೆ, ಹೆಂಗಸರನ್ನು ರಾತ್ರಿ ಪಾಳಿಗೆ ಹಾಕುವ ಹಾಗಿಲ್ಲ ಎಂದು ತಿಳಿಸಿ ಹೇಳಿದರಂತೆ. ಚಹಾ ಕೊಟ್ಟು, "ನಿಮ್ಮ ಯಜಮಾನ್ರನ್ನ ಕಳಸ್ರಿ" ಅಂದರಂತೆ. ಯಜಮಾನ ಹೋದ. ಮೀಸೆ ಪಾಸಾಯಿತು.

ಮೊದಲ ದಿನವೇ ಶಾಂತವ್ವನನ್ನು ಜೊತೆಗೆ ಕರೆದುಕೊಂಡು ಹೋದೆ. ಬುತ್ತಿ ಹಿಡಿದುಕೊಂಡು ಬರಲಿಕ್ಕೆ ಎಂಬುದು ನೆಪ. ಅವಳು ಬಾಜೂ ಎಸ್‌ಟಿಡಿ ಬೂತಿನ ಕಟ್ಟೆಯ ಮೇಲೆ ಬಡಿಗೆ ಹಿಡಿದು ಕೂತಳು, ನಾನು ಕಂಬಳಿ ಹೊದ್ದು ಮಲಗಿದೆ. ಅದೇ ರೂಢಿಯಾಯಿತು. ಒಮ್ಮೆ ಯಾವನೋ ಶಟರ್ ಎತ್ತಲು ಬಂದವನು ಅವಳು ಅಟ್ಟಿಸಿಕೊಂಡು ಹೋದ ರಭಸಕ್ಕೆ ಚಪ್ಪಲಿ ಬಿಟ್ಟು ಓಡಿದ. ಮರುದಿನ ಸಂಘದವರು ಶಾಬಾಸ್ ಅಂದದ್ದು ನನಗೆ. ಪಗಾರಕ್ಕೆ ಸಹಿ ಮಾಡುವವನೂ ನಾನೇ. ಹೀಗೇ ವರ್ಷಗಳು ಹೋದವು.

ಆಮೇಲೆ ಸಂಘದವರು ಹಗಲು ಕಾವಲಿಗೆ ಒಬ್ಬ ಹೆಂಗಸು ಬೇಕೆಂದರು. ಹಗಲಿಗೆ ಕಾಯ್ದೆಯ ತಕರಾರಿಲ್ಲ. ಶಾಂತವ್ವ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋದಳು. ನಾನು ಬಾಗಿಲ ಬಳಿ ನಿಂತಿದ್ದೆ.

"ಹೊಲಾ ಕಾದಿದ್ದು ಗೊತ್ತೈತಿ. ಇಂಥಾ ಆಫೀಸ ಕಾದ ಅನುಭವ ಐತೇನವಾ?" ಅಧ್ಯಕ್ಷೆ ಕೇಳಿದರು.

ಅವಳು ನನ್ನ ಕಡೆ ನೋಡಿದಳು. ಖರೆ ಹೇಳಿದರೆ ನನ್ನ ನೌಕರಿ ಹೋಗುತ್ತಿತ್ತು. ನಾನೇ ಬಾಯಿ ಬಿಡಬಹುದಿತ್ತು; ಮೀಸೆ ಅಡ್ಡ ಬಂತು.

"ಇಲ್ರಿ ಅಕ್ಕಾರ" ಅಂದಳು.

ಕೆಲಸ ಅನುಭವವಿದ್ದ ಬೇರೊಬ್ಬಳಿಗೆ ಹೋಯಿತು. ಆ ಸಂಜೆ ಶಾಂತವ್ವ ಬೈಯಲಿಲ್ಲ, ಅಳಲೂ ಇಲ್ಲ. ಬುತ್ತಿ ಕಟ್ಟಿದಳು, ಬಡಿಗೆಯನ್ನು ನನ್ನ ಕೈಗೆ ಕೊಟ್ಟಳು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂದಿನಿಂದ ಕಟ್ಟೆಯ ಮೇಲೆ ನಾನೊಬ್ಬನೇ, ಕಣ್ಣು ಮುಚ್ಚಲು ಧೈರ್ಯವಿಲ್ಲ. ಸಂಘದವರ ಲೆಕ್ಕದಲ್ಲಿ ನಾನು ಹಳೆಯ, ಅನುಭವಿ ಕಾವಲುಗಾರ. ನಿಜಕ್ಕೂ ಕೆಲಸಕ್ಕೆ ಸೇರಿದ್ದು ಆ ಸಂಜೆ.