ಟಪ್ ಎನ್ನದ ಕ್ಯಾಮೆರಾ

ದೇವರು ಮನುಷ್ಯನಿಗೆ ಕೊರಳು ಕೊಟ್ಟಿದ್ದು ತಲೆ ಹೊರಲಿಕ್ಕೆ ಎಂದು ಎಲ್ಲರೂ ನಂಬಿದ್ದಾರೆ. ನಾನೂ ಹಾಗೇ ನಂಬಿದ್ದೆ. ಆಂಧ್ರದ ಗಡಿಯೂರು ರಾಯದುರ್ಗದಲ್ಲಿ, ಬೆಟ್ಟದ ಬುಡದ ಬೀದಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟ ಮೇಲೆ ಆ ನಂಬಿಕೆ ಹೋಯಿತು. ಕೊರಳು ಇರುವುದು ಡಿಎಸ್ಎಲ್ಆರ್ ಕ್ಯಾಮೆರಾ ನೇತುಹಾಕಲಿಕ್ಕೆ; ತಲೆ ಅದರ ಮೇಲೆ ಬಾಡಿಗೆಗೆ ಇದೆ, ಅಷ್ಟೆ. ವರ್ಷಗಟ್ಟಲೆ ಆ ಕಲ್ಲಿನಂಥ ವಸ್ತುವನ್ನು ಹೊತ್ತು ನನ್ನ ಕತ್ತು ಮುಂದಕ್ಕೆ ಬಾಗಿಬಿಟ್ಟಿದೆ. ಊರಿನವರು ಅದನ್ನು ವಿನಯ ಎಂದು ತಿಳಿದುಕೊಂಡಿದ್ದಾರೆ. "ಎಷ್ಟು ನಯ ಐತಿ ನೋಡ್ರಿ ಈ ಮನಷ್ಯಾಗ, ಸಣ್ಣ ಹುಡುಗ್ರು ಎದುರಿಗೆ ಬಂದ್ರೂ ತಲಿ ಬಗ್ಗಸ್ತಾನ" ಎಂದು ಬಜಾರಿನಲ್ಲಿ ಹೊಗಳುವುದನ್ನು ನಾನೇ ಕೇಳಿದ್ದೇನೆ. ತಲೆ ಎತ್ತಲಿಕ್ಕೆ ಆಗುವುದಿಲ್ಲ ಕಣ್ರಪ್ಪ ಎಂದು ಹೇಳಿ, ತಾನಾಗಿ ಬಂದ ಒಳ್ಳೆಯ ಹೆಸರನ್ನು ಯಾಕೆ ಕಳೆದುಕೊಳ್ಳಲಿ? ಈ ವಿನಯದ ಮೂಲ ಎಲ್ಲಿದೆ ಎಂಬುದು ದಿನಾ ಕತ್ತಿಗೆ ಮುಲಾಮು ತಿಕ್ಕುವ ನನ್ನ ಹೆಂಡತಿ ಜಯಲಕ್ಷ್ಮಿಗೆ ಮಾತ್ರ ಗೊತ್ತು.

ಆ ಕ್ಯಾಮೆರಾ ಸತ್ತದ್ದು ಒಂದು ಟಗರಿನಿಂದ. ನಮ್ಮ ಕಡೆ ಮದುವೆ, ಸೀಮಂತ, ನಾಮಕರಣಗಳ ಜೊತೆಗೆ ಟಗರಿನ ಫೋಟೋ ತೆಗೆಸುವವರೂ ಇದ್ದಾರೆ. ಗುಮ್ಮಘಟ್ಟದ ಕುರಿಗಾರರೊಬ್ಬರು ತಮ್ಮ ಟಗರಿಗೆ ಮೈ ತೊಳೆದು, ಕೊಂಬಿಗೆ ಎಣ್ಣೆ ಹಚ್ಚಿ, ಶೇರ್ ಆಟೋದಲ್ಲಿ ಕೂರಿಸಿಕೊಂಡು ಸ್ಟುಡಿಯೋಕ್ಕೆ ತಂದರು. ಟಗರು ಬಹಳ ಒಳ್ಳೆಯ ಗಿರಾಕಿ. ಕಣ್ಣು ಮುಚ್ಚುವುದಿಲ್ಲ, ಇನ್ನೊಂದು ತೆಗೀರಿ ಎನ್ನುವುದಿಲ್ಲ. ನಾನು ಉಮೇದಿನಲ್ಲಿ ಲೆನ್ಸನ್ನು ಅದರ ಮುಖದ ಹತ್ತಿರ ಒಯ್ದೆ. ಗಾಜಿನಲ್ಲಿ ಅದಕ್ಕೆ ಇನ್ನೊಂದು ಟಗರು ಕಂಡಿತೆಂದು ಕಾಣುತ್ತದೆ. ಎರಡು ಹೆಜ್ಜೆ ಹಿಂದಕ್ಕೆ ಹೋಯಿತು. ನಾಚಿಕೆ ಎಂದುಕೊಂಡೆ. ಆಮೇಲೆ ನಾನೂ ಕ್ಯಾಮೆರಾನೂ ನನ್ನ ಬೆನ್ನ ಹಿಂದಿನ ಗೋಡೆಗೆ ಇಳಿಬಿಟ್ಟಿದ್ದ ಇನ್ನೊಂದು ಪರದೆಯ ಮೇಲೆ ಬರೆದಿದ್ದ ಜಲಪಾತದೊಳಗೆ ಬಿದ್ದಿದ್ದೆವು. ಕುರಿಗಾರರು ಗಾಬರಿಯಿಂದ ಓಡಿ ಬಂದು, "ಅಯ್ಯಯ್ಯೋ, ಕೊಂಬಿಗೇನಾತು ನೋಡ್ರಿ ಮೊದ್ಲ!" ಎಂದರು.

ಕೊಂಬಿಗೆ ಏನೂ ಆಗಿರಲಿಲ್ಲ. ಕ್ಯಾಮೆರಾದ ಒಳಗಿನ ಕನ್ನಡಿ ಸಿಕ್ಕಿಕೊಂಡಿದೆ, ಇನ್ನು ರಿಪೇರಿಗೆ ಬಗ್ಗುವುದಿಲ್ಲ ಎಂದು ಬಳ್ಳಾರಿಯ ಅಂಗಡಿಯವನು ಕೈಚೆಲ್ಲಿದ. ಹೊಸದು ಕೊಳ್ಳಲೇಬೇಕಾಯಿತು. ಅಲ್ಲಿಂದ ಶುರುವಾಯಿತು ನನ್ನ ಧರ್ಮಸಂಕಟ. ಒಂದು ಕಡೆ ಮತ್ತೊಂದು ಡಿಎಸ್ಎಲ್ಆರ್, ಅಂದರೆ ಮತ್ತೊಂದು ಕಲ್ಲು. ಇನ್ನೊಂದು ಕಡೆ ಮಿರರ್‌ಲೆಸ್ ಎಂಬ ಅಂಗೈಯಗಲದ ಹೊಸ ಕ್ಯಾಮೆರಾ. ಒಳಗೆ ಕನ್ನಡಿಯೇ ಇಲ್ಲ, ಹೂವಿನಷ್ಟು ಹಗುರ, ಸದ್ದೂ ಇಲ್ಲ. ಜೊತೆಗೆ ಬಂದಿದ್ದ ಜಯಲಕ್ಷ್ಮಿ ಅಂಗಡಿಯವನ ವಿವರಣೆಯನ್ನೆಲ್ಲ ಕೇಳಿ, "ಅಲ್ಲಪ್ಪ, ಕನ್ನಡಿ ಇರೋದಕ್ಕಿಂತ ಕನ್ನಡಿ ಇಲ್ದೆ ಇರೋದಕ್ಕೇ ರೇಟು ಜಾಸ್ತಿನಾ?" ಎಂದಳು. ನಾನು ಎರಡನ್ನೂ ಎರಡು ಕೈಯಲ್ಲಿ ಹಿಡಿದು ತಕ್ಕಡಿಯ ಹಾಗೆ ನಿಂತೆ. ಊರಿಗೆ ಬಂದು ಟೀ ಅಂಗಡಿಯಲ್ಲಿ ಸಲಹೆ ಕೇಳಿದರೆ, ಕ್ಯಾಮೆರಾವನ್ನೇ ಮುಟ್ಟದ ಪುಣ್ಯಾತ್ಮರೆಲ್ಲ ತೆಲುಗಿನಲ್ಲಿ ಒಂದು, ಕನ್ನಡದಲ್ಲಿ ಒಂದು ಅಭಿಪ್ರಾಯ ಕೊಟ್ಟರು. ಸಾರಾಂಶ ಒಂದೇ: ಪೆದ್ದದೇ ಮಂಚಿದಿ, ದೊಡ್ಡದೇ ಒಳ್ಳೆಯದು. ಕತ್ತು ನನ್ನದಲ್ಲವೇ, ಅವರಿಗೇನು!

ಕೊನೆಗೆ ನನ್ನ ಕತ್ತು ಗೆದ್ದಿತು, ಚಿಕ್ಕದನ್ನೇ ತಂದೆ. ಅದೇ ಹೊತ್ತಿಗೆ ಮಡಕಶಿರದಿಂದ ನನ್ನ ನಾದಿನಿ ಭಾಗ್ಯಳ ಮದುವೆಯ ಸುದ್ದಿ ಬಂತು. ಗಂಡಿನ ಕಡೆಯವರು ಗುಮ್ಮಘಟ್ಟದವರು. ನಮ್ಮ ಮಾವ ಹನುಮಂತರಾಯಪ್ಪನವರು ಹಿಪ್ಪುನೇರಳೆ, ಕಡಲೇಕಾಯಿ ಬೆಳೆಯುವ ಗಟ್ಟಿ ಆಸಾಮಿ. ಮಾತುಕತೆಗೆಂದು ಅವರ ಮನೆಗೆ ಹೋದಾಗ ಹೊಸ ಕ್ಯಾಮೆರಾ ತೋರಿಸಿದೆ. ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿ, "ಇದರ ದೊಡ್ಡದು ಎಲ್ಲೈತೆ ಅಳಿಮಯ್ಯ?" ಎಂದರು. ಇಷ್ಟೇ ಇರುವುದು ಎಂದೆ. ಅವರ ಮುಖ ಸಪ್ಪಗಾಯಿತು. "ಬೀಗ್ರು ಕುರಿ ಮಂದೆ ಇಟ್ಟಿರೋ ದೊಡ್ಡ ಜನ ಕಣಪ್ಪ. ಅವರ ಮುಂದೆ ಈ ಸುಣ್ಣದ ಡಬ್ಬಿ ಹಿಡ್ಕಂಡು ನಿಂತ್ರೆ ನನ್ ಮರ್ವಾದೆ ಏನಾಗ್ಬೇಕು? ಬಳ್ಳಾರಿಯಾಗೆ ಒಬ್ಬ ಇದಾನಂತೆ, ರಾಗಿ ಅಳೆಯೋ ಸೇರಿನಷ್ಟು ದಪ್ಪ ಲೆನ್ಸ್ ಅಂತೆ, ಅವನಿಗೇ ಹೇಳ್ತೀನಿ."

ನಾನು ಬಾಗಿದ ಕತ್ತನ್ನು ಇನ್ನಷ್ಟು ಬಾಗಿಸಿದೆ. ಜಯಲಕ್ಷ್ಮಿ ಬಿಡಲಿಲ್ಲ. ಅಡಿಗೆಮನೆಯಿಂದ ಬಂದವಳೇ, "ನನ್ ತಂಗಿ ಮದ್ವೆ ಫೋಟೋನ ನನ್ ಗಂಡನೇ ತೆಗೀಬೇಕು. ಬೇರೆಯೋರು ತೆಗೆದ್ರೆ ನಾನು ಈ ಮನೆ ಹೊಸಿಲು ತುಳಿಯಾಕಿಲ್ಲ. ಬೀಗ್ರು ಒಂದ್ ಮಾತು ಅಂದ್ರೂ ನನ್ನ ಕೇಳಿ" ಎಂದುಬಿಟ್ಟಳು. ಹುಟ್ಟಿದ ಮನೆಯಲ್ಲಿ ಹೆಣ್ಣುಮಗಳು ಹೀಗೆ ಮಾತು ಕೊಟ್ಟ ಮೇಲೆ ಮುಗಿಯಿತು. ಫೋಟೋ ಕೆಟ್ಟರೆ ಕೆಡುವುದು ನನ್ನ ಹೆಸರಲ್ಲ, ತವರಿನಲ್ಲಿ ಅವಳ ತಲೆ ತಗ್ಗುತ್ತದೆ. ಒಂದು ಮನೆಯಲ್ಲಿ ಬಗ್ಗಿದ ತಲೆ ಒಂದಿದ್ದರೆ ಸಾಕು. ಅದಕ್ಕೆ ನಾನು ಒಂದು ಉಪಾಯ ಮಾಡಿದೆ: ಮದುವೆಯ ದಿನ ಆ ಸತ್ತ ಡಿಎಸ್ಎಲ್ಆರ್ ಅನ್ನು ಒರೆಸಿ, ಉದ್ದನೆಯ ಲೆನ್ಸ್ ಸಿಕ್ಕಿಸಿ, ಎಲ್ಲರಿಗೂ ಕಾಣುವ ಹಾಗೆ ಕೊರಳಿಗೆ ಹಾಕಿಕೊಂಡೆ. ಚಿಕ್ಕದನ್ನು ಆ ಲೆನ್ಸಿನ ಪಕ್ಕದಲ್ಲೇ ಕೈಯಲ್ಲಿ ಮರೆಮಾಡಿ ಹಿಡಿದೆ. ಛತ್ರದ ಬಾಗಿಲಲ್ಲಿ ನನ್ನನ್ನು ಕಂಡ ಮಾವನವರ ಮುಖ ಅರಳಿತು.

ಇಲ್ಲಿ ನಮ್ಮ ಜನ ಫೋಟೋಕ್ಕೆ ನಿಲ್ಲುವ ಕ್ರಮವನ್ನು ಹೇಳಬೇಕು. ನಮ್ಮಲ್ಲಿ ಫೋಟೋ ಎಂದರೆ ವ್ರತ. ಕ್ಯಾಮೆರಾ ಮೇಲೆದ್ದ ಕೂಡಲೇ ಎದೆತುಂಬ ಉಸಿರು ಎಳೆದುಕೊಂಡು ಬಿಗಿಹಿಡಿಯುತ್ತಾರೆ. ಉಸಿರು ಬಿಟ್ಟರೆ ಫೋಟೋ ಅಲುಗಾಡುತ್ತದೆ ಎಂಬುದು ಹಿರಿಯರ ಮಾತು. ಕ್ಯಾಮೆರಾ 'ಟಪ್' ಎಂದ ಮೇಲೆಯೇ ಪ್ರಾಣ ವಾಪಸ್ಸು ಬರುವುದು. ಹಳೆಯ ಕ್ಯಾಮೆರಾದ ಟಪ್ಪು ಪಕ್ಕದ ಬೀದಿಗೆ ಕೇಳಿಸುತ್ತಿತ್ತು. ಹೊಸದಕ್ಕೆ ಸದ್ದು ಬೇಕಾದರೆ ಇಟ್ಟುಕೊಳ್ಳಬಹುದಂತೆ. ಹಿಂದಿನ ದಿನ ಅದನ್ನು ಹುಡುಕಲು ಹೋಗಿ ಯಾವುದೋ ಗುಂಡಿ ಒತ್ತಿ, ಪರದೆಯ ಮೇಲಿನ ಅಕ್ಷರವೆಲ್ಲ ಕನ್ನಡವೂ ಅಲ್ಲದ, ತೆಲುಗೂ ಅಲ್ಲದ, ಮಳೆಹುಳು ಹರಿದಾಡಿದಂಥ ಲಿಪಿಗೆ ತಿರುಗಿಬಿಟ್ಟಿತ್ತು. ಆಮೇಲೆ ಅದನ್ನು ಮುಟ್ಟುವ ಧೈರ್ಯ ಬರಲಿಲ್ಲ.

ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಬೀಗರು ಗುಂಪುಗುಂಪಾಗಿ ಫೋಟೋಕ್ಕೆ ಬರತೊಡಗಿದರು. ಮೊದಲು ನಿಂತವರು ಗಂಡಿನ ಅಜ್ಜ ತಿಪ್ಪೇಸ್ವಾಮಿ ತಾತ, ಅವರ ಹಿಂದೆ ಮನೆಮಂದಿ. ನಾನು ತೆಗೆದೆ. ಸದ್ದಾಗಲಿಲ್ಲ. ಇನ್ನೊಂದು ತೆಗೆದೆ. ಅವರು ಹಾಗೇ ನಿಂತಿದ್ದರು. ನಾನು ಪಕ್ಕಕ್ಕೆ ಹೋಗಿ ನೀರು ಕುಡಿದು ಬಂದರೂ ಹಾಗೇ ನಿಂತಿದ್ದರು. ತಾತನ ಮುಖ ನೇರಳೆ ಬದನೆಯ ಬಣ್ಣಕ್ಕೆ ಬಂದಿತ್ತು. ಹಲ್ಲು ಕಚ್ಚಿಕೊಂಡೇ, "ತೆಗದೀರೇನ್ರಿ?" ಎಂದರು. "ಆಯ್ತು ಆಯ್ತು, ಉಸಿರು ಬಿಡ್ರಿ!" ಎಂದು ಕೂಗಿದೆ. "ಆಗಿದ್ರ ಶಬ್ದ ಯಾಕ ಬರ್ಲಿಲ್ಲ? ಬರೇ ಕೈ ಆಡಸ್ತಾನಪ್ಪ ಇವ" ಎಂದು ಹಿಂದಿನಿಂದ ಯಾರೋ ಅಂದರು. ನಾನು ಕಳ್ಳಗಣ್ಣಿನಿಂದ ಹೆಂಡತಿಯ ಕಡೆ ನೋಡಿದೆ. ಅವಳು ಮಾಡು, ಏನಾದರೂ ಮಾಡು ಎಂದು ಕಣ್ಣಲ್ಲೇ ಗದರಿಸಿದಳು.

ಮಾಡಿದೆ. ಬಾಯಲ್ಲಿ 'ಟಪ್' ಎನ್ನತೊಡಗಿದೆ. ಮರ್ಯಾದಸ್ಥನೊಬ್ಬ ಸಭೆಯಲ್ಲಿ ಪದೇಪದೇ ನಾಲಿಗೆಯಿಂದ ಲೊಟ್ಟೆ ಹೊಡೆಯುವುದನ್ನು ಕಲ್ಪಿಸಿಕೊಳ್ಳಿ. ನಾಲ್ಕು ಗುಂಪು ಮುಗಿಯುವುದರೊಳಗೆ ಬಾಯಿ ಒಣಗಿತು. ಐದನೆಯದಕ್ಕೆ ಟಪ್ ಬದಲು ಬರೀ ಗಾಳಿ ಬಂತು. ಆಗ ವೇದಿಕೆಯ ಮೂಲೆಯಲ್ಲಿ ಕೂತಿದ್ದ ಡೋಲಿನ ಓಬಳೇಶ ಕನಿಕರಪಟ್ಟು, "ಬಿಡಿ ಸಾಮಿ, ನೀವು ಕೈ ಎತ್ತಿ, ನಾನು ಒಂದೇಟು ಬಾರಿಸ್ತೀನಿ" ಎಂದ. ನಾನು ಕೈ ಎತ್ತಿದೆ. ಅವನು 'ಢಂ' ಎನ್ನಿಸಿದ. ಆಹಾ! ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ತಿಪ್ಪೇಸ್ವಾಮಿ ತಾತ, "ಹಾಂ, ಈಗ ಬಂತ್ ನೋಡ್ರಿ ಫೋಟೋ" ಎಂದು ತಲೆಯಾಡಿಸಿದರು. ಓಬಳೇಶನನ್ನು ತಬ್ಬಿಕೊಳ್ಳಬೇಕೆನಿಸಿತು.

ನಾವಿಬ್ಬರೂ ಮರೆತದ್ದು ಒಂದೇ. ಮದುವೆಮನೆಯಲ್ಲಿ ಹಿಂದಿನ ಸಾಲಿನವರಿಗೆ ವೇದಿಕೆ ಕಾಣುವುದಿಲ್ಲ. ಕಾಣದ ಹಾಗೆ ನನ್ನಂಥವರು ಅಡ್ಡ ನಿಂತಿರುತ್ತೇವೆ. ಅವರು ತಾಳಿ ಕಟ್ಟಿದ್ದನ್ನು ತಿಳಿಯುವುದು ಡೋಲಿನ ಸದ್ದಿನಿಂದ. ಡೋಲು ಬಡಿಯಿತೋ, ಮಾತು ನಿಲ್ಲಿಸದೆಯೇ ಕೈ ತಾನಾಗಿ ಅಕ್ಷತೆ ಎರಚುತ್ತದೆ. ಮಾವನವರೋ ಎಲ್ಲದರಲ್ಲೂ ಮುಂಗಡ. ಅಕ್ಷತೆಯನ್ನು ಬೆಳಗ್ಗೆಯೇ ಹಂಚಿಸಿಬಿಟ್ಟಿದ್ದರು. ಓಬಳೇಶ ಢಂ ಎಂದ, ಹಿಂದಿನ ಸಾಲಿನಿಂದ ಅಕ್ಷತೆ ಬಂತು. ಇನ್ನೊಂದು ಗುಂಪು ನಿಂತಿತು, ಢಂ, ಮತ್ತೆ ಅಕ್ಷತೆ. ಗಂಡಿನ ಪೇಟದ ಮೇಲೆ ಅಕ್ಷತೆ ಗುಡ್ಡೆಯಾಯಿತು. ಪುರೋಹಿತರು, "ಇನ್ನೂ ಆಗಿಲ್ಲ, ಆಗಿಲ್ಲ!" ಎಂದು ಕೈಬೀಸಿದರೆ, ಅವರು ಆಶೀರ್ವಾದ ಮಾಡುತ್ತಿದ್ದಾರೆಂದು ತಿಳಿದು ಹಿಂದಿನ ಸಾಲಿನವರು ಇನ್ನೊಂದು ಹಿಡಿ ಎರಚಿದರು. ಒಬ್ಬಾಕೆ ಆನಂದಬಾಷ್ಪ ಒರೆಸಿಕೊಂಡು ಮುಯ್ಯಿ ಕೊಡಲು ಬಂದೇಬಿಟ್ಟಳು. ತಾಳಿ ಆಯಿತಲ್ಲ, ಇನ್ನೇನು ಕೆಲಸ ಎಂದು ಅರ್ಧ ಸಭೆ ಊಟದ ಮನೆಗೆ ಹೋಗಿ ಎಲೆ ಮುಂದೆ ಕೂತಿತು.

ಅವರನ್ನೆಲ್ಲ ಕೈಹಿಡಿದು ಎಬ್ಬಿಸಿ ತಂದು, 'ಅದು ಬರೀ ಫೋಟೋದ ಸದ್ದು' ಎಂದು ಮಾವನವರು ಒಬ್ಬೊಬ್ಬರಿಗೂ ತಿಳಿಹೇಳಿ ಕೂರಿಸಿದರು. ಜನ ಸರಿಯಾಗಿ ತಿಳಿದುಕೊಂಡರು. ಅದೇ ಆಪತ್ತಾಯಿತು. ನಿಜವಾದ ಮುಹೂರ್ತ ಬಂತು. ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ!" ಎಂದರು. ಓಬಳೇಶ ಜೀವ ಬಿಟ್ಟು ಬಾರಿಸಿದ. ಗಂಡು ತಾಳಿ ಎತ್ತಿ ಹಿಡಿದ. ಸಭೆ ಮಿಸುಕಲಿಲ್ಲ. "ಫೋಟೋ ಅಂತೆ, ಬಿಡ್ರಿ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಎಲೆಅಡಿಕೆ ಹಾಕಿಕೊಳ್ಳುತ್ತ ಕೂತರು. ಎರಚೋಣವೆಂದರೆ ಯಾರ ಕೈಯಲ್ಲೂ ಒಂದು ಕಾಳು ಅಕ್ಷತೆ ಉಳಿದಿರಲಿಲ್ಲ. ಒಂದು ಕಾಳೂ ಬೀಳದೆ ತಾಳಿ ಕಟ್ಟಿದ ಮದುವೆ ನಮ್ಮ ಸೀಮೆಯಲ್ಲಿ ಎಲ್ಲಾದರೂ ಉಂಟೇ? ಮಾವನವರು ಖಾಲಿ ಅಕ್ಷತೆ ತಟ್ಟೆಯನ್ನು ತಡಕಾಡುತ್ತಿದ್ದರು. ಭಾಗ್ಯಳ ಕಣ್ಣಲ್ಲಿ ನೀರು. ಹೋಯಿತು, ಜಯಲಕ್ಷ್ಮಿಯ ಮಾತು ಮಣ್ಣುಪಾಲಾಯಿತು ಎಂದುಕೊಂಡೆ.

ಜಯಲಕ್ಷ್ಮಿ ಅಲ್ಲಿರಲಿಲ್ಲ. ಬೆಳಗ್ಗೆ ಎದ್ದು ಒಗ್ಗರಣೆ ಮಂಡಕ್ಕಿ ಇಲ್ಲದಿದ್ದರೆ ನಮ್ಮ ಬೀಗರಿಗೆ ಬೆಳಗಾಗುವುದಿಲ್ಲ. ಅದಕ್ಕೆಂದು ಅವರು ಊರಿನಿಂದಲೇ ಮಂಡಕ್ಕಿಯ ಮೂಟೆ ಹೊತ್ತು ತಂದಿದ್ದರು. ಉಳಿದದ್ದು ಅಡಿಗೆಮನೆಯಲ್ಲಿತ್ತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಅದರಿಂದ ಒಂದು ಬಿದಿರಿನ ಪುಟ್ಟಿ ತುಂಬಿಕೊಂಡು ಓಡಿ ಬಂದಳು. "ಇದು ಫೋಟೋ ಅಲ್ಲ ಕಣ್ರೋ, ತಾಳಿ! ಹಾಕ್ರೋ!" ಎಂದು ಇಡೀ ಛತ್ರ ನಡುಗುವ ಹಾಗೆ ಕೂಗಿ ಮೊದಲ ಬೊಗಸೆ ತಾನೇ ಎರಚಿದಳು. ಸಭೆ ಧಡಕ್ಕನೆ ಎದ್ದಿತು. ಎಲ್ಲರ ಕೈಯೂ ಪುಟ್ಟಿಗೆ. ಮಂಡಕ್ಕಿಗೆ ಅಕ್ಷತೆಯ ಹಾಗೆ ಬೀಳುವ ಆತುರವಿಲ್ಲ. ಫ್ಯಾನಿನ ಗಾಳಿಗೆ ಮೇಲೆ ಹೋಗಿ ನಿಧಾನವಾಗಿ ಇಳಿಯಿತು. ನಾನು ಉಸಿರು ಬಿಗಿಹಿಡಿದು ಚಿಕ್ಕ ಕ್ಯಾಮೆರಾದ ಗುಂಡಿ ಒತ್ತಿದೆ. ಯಾವ ಸದ್ದೂ ಆಗಲಿಲ್ಲ.

ಆ ಫೋಟೋ ನೋಡಬೇಕು ನೀವು. ಬಿಳಿ ಮಂಡಕ್ಕಿ ಒಂದೊಂದೂ ಗಾಳಿಯಲ್ಲಿ ನಿಂತಿದೆ. ನಡುವೆ ತಾಳಿ, ಭಾಗ್ಯಳ ಅಳುನಗು. ಪಕ್ಕದಲ್ಲಿ ಪುಟ್ಟಿ ಹಿಡಿದು ಬಾಯಿ ತೆರೆದು ಕೂಗುತ್ತಿರುವ ನನ್ನ ಹೆಂಡತಿ. ನಾನು ಇಷ್ಟು ವರ್ಷದಲ್ಲಿ ತೆಗೆದ ಅಷ್ಟೂ ಫೋಟೋಗಳಲ್ಲಿ ಉಸಿರು ಬಿಟ್ಟು ನಿಂತಿರುವ ಮನುಷ್ಯಜೀವ ಅವಳೊಬ್ಬಳೇ. ನೋಡಿದಾಗೆಲ್ಲ ನನಗೆ ಹೆಮ್ಮೆಯಾಗುತ್ತದೆ, ಸುಳ್ಳೇಕೆ ಹೇಳಲಿ.

ಆಲ್ಬಮ್ ನೋಡಲು ಬೀಗರು ಮಡಕಶಿರಕ್ಕೆ ಬಂದಾಗ ತಿಪ್ಪೇಸ್ವಾಮಿ ತಾತ ಆ ಪುಟದ ಮೇಲೆ ಕೈಯಿಟ್ಟು, "ಇದಕ್ಕ ನೋಡ್ರಿ ದೊಡ್ ಕ್ಯಾಮ್ರಾ ಬೇಕು ಅನ್ನೋದು! ಇಂಥದು ಸಣ್ಣದ್ರಾಗ ಬರ್ತೈತೇನ್ರಿ?" ಎಂದರು. ನಾನು ನಿಜ ಹೇಳಲು ಬಾಯಿ ತೆರೆದೆ. ಜಯಲಕ್ಷ್ಮಿ ನನ್ನ ಕಾಲು ತುಳಿದಳು. ಬಾಯಿ ಮುಚ್ಚಿಕೊಂಡು ವಿನಯದಿಂದ ತಲೆ ಬಗ್ಗಿಸಿದೆ.

ಬೀಗರು ಹೊರಟ ಮೇಲೆ ಮಾವನವರು ಹಿಪ್ಪುನೇರಳೆ ತೋಟದ ಕಡೆ ಕರೆದುಕೊಂಡು ಹೋದರು. ಸೊಪ್ಪು ಕೊಯ್ಯುತ್ತ, ನನ್ನ ಮುಖ ನೋಡದೆಯೇ, "ಅಳಿಮಯ್ಯ, ಮದ್ವೆ ಮುಗಿಯೋಗಂಟ ಆ ದೊಡ್ಡದರ ಮೂತಿ ಮೇಲೆ ಮುಚ್ಚಳ ಇತ್ತಲ್ಲಪ್ಪ" ಎಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಮತ್ತೆ ನೀವು ಯಾಕೆ ಅವತ್ತೇ ಹೇಳಲಿಲ್ಲ ಮಾವ?" ಎಂದೆ. "ಮಗಳು ಮಾತು ಕೊಟ್ಟಿದ್ಲಲ್ಲ. ಬೀಗ್ರು ಯಾರಾನಾ ನೋಡಿಬಿಟ್ಟಾರು ಅಂತ ನಾನೇ ಮದ್ವೆಯೆಲ್ಲಾ ನಿನ್ ಮುಂದೆ ಅಡ್ಡ ನಿಂತ್ಕಂಡಿದ್ದೆ" ಎಂದರು. ಎಷ್ಟೋ ಫೋಟೋಗಳಲ್ಲಿ ಮಾವನವರ ಬೆನ್ನು ಏಕೆ ಬಂದಿದೆ ಎಂಬುದು ಆಗ ತಿಳಿಯಿತು.

ಈಗ ಗುಮ್ಮಘಟ್ಟದ ಕಡೆಯಿಂದ ಮದುವೆಗೆ ಹೇಳಲು ಬಂದವರೆಲ್ಲ "ಆ ದೊಡ್ ಕ್ಯಾಮ್ರಾನ ತರ್ರಿ, ಮಂಡಕ್ಕಿ ನಾವು ತರ್ತೀವಿ" ಎನ್ನುತ್ತಾರೆ. ಎರಡರಲ್ಲಿ ಒಂದನ್ನು ಆರಿಸಲು ಹೊರಟವನು ಎರಡನ್ನೂ ಹೊತ್ತು ತಿರುಗುತ್ತಿದ್ದೇನೆ. ಕತ್ತು ಇನ್ನೂ ಬಾಗಿದೆ, ನನ್ನ ವಿನಯದ ಕೀರ್ತಿ ಡಿ. ಹಿರೇಹಾಳ್ ದಾಟಿ ಬಳ್ಳಾರಿ ಮುಟ್ಟಿದೆಯಂತೆ. ಆದರೆ ಒಂದು ವಿಷಯದಲ್ಲಿ ಬುದ್ಧಿ ಕಲಿತಿದ್ದೇನೆ. ಮದುವೆಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೆ ಮೊದಲು, ಆ ಸತ್ತ ಕ್ಯಾಮೆರಾದ ಮುಚ್ಚಳ ತೆಗೆದು, ಗಾಜನ್ನು ಎರಡು ಸಲ ಚೆನ್ನಾಗಿ ಒರೆಸಿ, ಆಮೇಲೆ ಒಳಗೆ ಹೋಗುತ್ತೇನೆ.