ಸಂಕ್ರಾಂತಿಯ ಬರಿಹೊಟ್ಟೆ

ಸಂಕ್ರಾಂತಿಯ ದಿನ ಪುಣೆಯಲ್ಲಿ ಬರಿಹೊಟ್ಟೆಯಲ್ಲಿ ಓಡಾಡಿ ಬರುತ್ತೇನೆ ಎನ್ನುವವನು ಒಂದೋ ಸನ್ಯಾಸಿಯಾಗಿರಬೇಕು, ಇಲ್ಲವೇ ಊರಿಗೆ ಹೊಸಬನಾಗಿರಬೇಕು. ಅಲ್ಲಿನ ನಿಗಡಿ ಬಡಾವಣೆಯಲ್ಲಿ ಇಪ್ಪತ್ತು ವರ್ಷ ಸಂಸಾರ ಮಾಡಿದ ಶಿವರುದ್ರಪ್ಪ ಎರಡೂ ಅಲ್ಲ. ಆದರೆ ಆರೋಗ್ಯ ವಿಮೆಯ ಏಜೆಂಟ್ ಮಧುಕರ ಅವನ ರಕ್ತ ತಪಾಸಣೆಗೆ ಗೊತ್ತು ಮಾಡಿದ್ದು ಎರಡು ಸಾವಿರದ ನಾಲ್ಕನೇ ಇಸವಿಯ ಸಂಕ್ರಾಂತಿಯನ್ನೇ. ರಾತ್ರಿಯಿಂದ ನೀರಲ್ಲದೆ ಬೇರೇನೂ ಬಾಯಿಗೆ ಬೀಳಕೂಡದೆಂದು ಮೂರು ಸಲ ಹೇಳಿದ್ದ. ವಿಳಾಸ ಖಾತ್ರಿ ಮಾಡಿಕೊಳ್ಳಲು ಕಂಪನಿಯ ಒಬ್ಬರು ಮಧ್ಯಾಹ್ನ ಮನೆಯ ಕಡೆ ಬರುತ್ತಾರೆ ಎಂದೂ ಹೇಳಿದ್ದ. ಅದನ್ನು ಶಿವರುದ್ರಪ್ಪ ಅರ್ಧ ಕಿವಿಯಲ್ಲಿ ಕೇಳಿಸಿಕೊಂಡಿದ್ದ.

ಅವನ ತಲೆ ತುಂಬ ಇದ್ದದ್ದೇ ಬೇರೆ. ಅವನು ಗುಮಾಸ್ತನಾಗಿದ್ದ ಚಿಂಚವಾಡದ ಕಾರ್ಖಾನೆ ಮಾರ್ಚ್ ಕೊನೆಗೆ ಬಾಗಿಲು ಹಾಕುವುದಿತ್ತು. ಅದರ ಜೊತೆಗೆ ಕಾರ್ಖಾನೆಯ ದವಾಖಾನೆಯೂ ಹೋಗುವುದಿತ್ತು. ಅಪ್ಪ ಸಕ್ಕರೆ ಕಾಯಿಲೆಯಲ್ಲಿ ಒಂದು ಕಾಲು ಕಳೆದುಕೊಂಡು, ಔಷಧಕ್ಕೆ ಗತಿಯಿಲ್ಲದೆ ಮಂಚದ ಮೇಲೆಯೇ ಸತ್ತದ್ದನ್ನು ಕಣ್ಣಾರೆ ಕಂಡವನು ಅವನು. ನಲವತ್ತೇಳರ ಈ ವಯಸ್ಸಿನಲ್ಲಿ ವಿಮೆ ಸಿಗದಿದ್ದರೆ ನನಗೂ ಅದೇ ಮಂಚ ಎಂದು ಹೆದರಿ ನಿದ್ದೆಗೆಟ್ಟಿದ್ದ. ಕಾರ್ಖಾನೆಯ ಸುದ್ದಿಯನ್ನು ಮಾತ್ರ ಕಟ್ಟಡದಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ಮಾನ ಅನ್ನುವುದೊಂದಿದೆಯಲ್ಲ.

ಹೆಂಡತಿ ರುದ್ರವ್ವ ಬೆಳಿಗ್ಗೆಯೇ ಖಡಕಿಯ ತಂಗಿಯ ಮನೆಗೆ ಹಬ್ಬಕ್ಕೆ ಹೋಗಿದ್ದಳು. ಅವನು ಮೂರನೆಯ ಮಹಡಿಯ ಮನೆಗೆ ಬೀಗ ಹಾಕಿ ತಿರುಗುವಷ್ಟರಲ್ಲಿ, ಕಟ್ಟಡಕ್ಕೆಲ್ಲ ವಹಿನಿ, ಅಂದರೆ ಅತ್ತಿಗೆ, ಆಗಿದ್ದ ಎದುರು ಮನೆಯ ನೀತಾ ವಹಿನಿ ತಟ್ಟೆ ಹಿಡಿದು ನಿಂತಿದ್ದರು.

"ತಿಳಗುಳ ಘ್ಯಾ, ಗೋಡ ಗೋಡ ಬೋಲಾ" ಎಂದು ಎಳ್ಳುಂಡೆಯನ್ನು ಅವನ ಮೂಗಿನ ಹತ್ತಿರ ಹಿಡಿದರು. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡಬೇಕಾದ ದಿನ ಅದು. ಬೇಡವೆಂದರೆ ವರ್ಷವಿಡೀ ಜಗಳಕ್ಕೆ ವೀಳ್ಯ ಕೊಟ್ಟಂತೆ.

ಉಪವಾಸ ಎಂದ. ಹಬ್ಬದ ದಿನ ಎಂಥ ಉಪವಾಸ ಎಂದರು. ಆಮೇಲೆ ತಿನ್ನುತ್ತೇನೆ ಎಂದ. ನನ್ನ ಎದುರಿಗೇ ತಿನ್ನಬೇಕು ಎಂದರು. ಹಲ್ಲುನೋವು ಎಂದ. ವಹಿನಿ ಉಂಡೆಯನ್ನು ಬೆರಳಲ್ಲೇ ಪುಡಿ ಮಾಡಿದರು. ತಪಾಸಣೆಗೆ ಹೊರಟಿದ್ದೇನೆ ಎಂದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ ಕಾರ್ಖಾನೆಯ ಮಾತು ಬರುತ್ತದೆ. ಬಸ್ಸಿಗೆ ಹೊತ್ತಾಗುತ್ತಿತ್ತು. ಪುಡಿ ತುಟಿಯ ಹತ್ತಿರ ಬಂದಾಗ, ನನಗೆ ಸಕ್ಕರೆ ಕಾಯಿಲೆ ಇದೆ ಎಂದು ಮರಾಠಿಯಲ್ಲಿ ಹೇಳಿಯೇಬಿಟ್ಟ.

ತಟ್ಟೆ ಹಿಂದೆ ಸರಿಯಿತು. ವಹಿನಿಯ ಕಣ್ಣು ತುಂಬಿ ಬಂತು. ಇಷ್ಟು ಸುಲಭವೇ ಎಂದು ಶಿವರುದ್ರಪ್ಪನಿಗೇ ಆಶ್ಚರ್ಯವಾಯಿತು. ಎರಡನೆಯ ಮಹಡಿಯಲ್ಲಿ ಇನ್ನೊಂದು ತಟ್ಟೆ, ಅದೇ ಸುಳ್ಳು. ಮೊದಲನೆಯದರಲ್ಲೂ ಅದೇ.

ಗೇಟಿನ ಹತ್ತಿರ ನೆಲಮಹಡಿಯ ಹರಿಶ್ಚಂದ್ರ ಶೆಟ್ಟರು ಸಿಕ್ಕರು. ಆಕುರ್ಡಿಯಲ್ಲಿ ಹೋಟೆಲು ನಡೆಸುವ ಶೆಟ್ಟರು ಹೆಸರಿಗೆ ತಕ್ಕ ಮನುಷ್ಯ, ನಿನ್ನೆಯ ಚಟ್ನಿಯನ್ನು ನಿನ್ನೆಯದೆಂದು ಹೇಳಿಯೇ ಬಡಿಸುವವರು. ಸುದ್ದಿ ಮೆಟ್ಟಿಲಲ್ಲಿ ಶಿವರುದ್ರಪ್ಪನಿಗಿಂತ ಮುಂಚೆ ಇಳಿದಿತ್ತು. ಅವರು ಉಂಡೆ ಕೊಡಲಿಲ್ಲ, ಕೈ ಹಿಡಿದುಕೊಂಡರು.

"ಎಂತ ಮಾರಾಯ್ರೆ, ನಮಗೆ ಒಂದು ಮಾತು ಹೇಳ್ಲಿಲ್ಲ ನೀವು. ಹೆದರ್ಬೇಡಿ, ನಾವೆಲ್ಲ ಇದ್ದೇವೆ."

ಲ್ಯಾಬಿನಲ್ಲಿ ರಕ್ತ ಕೊಟ್ಟು ವರದಿಗಾಗಿ ಬೆಂಚಿನ ಮೇಲೆ ಕಾಯುತ್ತ ಕೂತ. ಉಪವಾಸ ಅಲ್ಲಿಗೆ ಮುಗಿದಿತ್ತು, ಆದರೆ ಹೆದರಿಕೆಗೆ ಒಂದು ಬಿಸ್ಕತ್ತನ್ನೂ ತಿನ್ನಲಿಲ್ಲ. ಮಧ್ಯಾಹ್ನ ಮೂರಕ್ಕೆ ವರದಿ ಬಂತು. ಇಪ್ಪತ್ತರ ಹುಡುಗನ ರಕ್ತ ಇದ್ದ ಹಾಗಿದೆ, ಸಕ್ಕರೆಯ ಸುಳಿವೇ ಇಲ್ಲ ಎಂದರು ಡಾಕ್ಟರು. ಶಿವರುದ್ರಪ್ಪನಿಗೆ ಅಳು ಬಂತು. ವಹಿನಿಯ ಕ್ಷಮೆ ಕೇಳಿ, ಅವರ ಕೈಯ ಎಳ್ಳುಂಡೆಯನ್ನೇ ಮೊದಲು ತಿನ್ನುವುದೆಂದು ನಿಶ್ಚಯಿಸಿ, ಹಸಿದ ಹೊಟ್ಟೆಯಲ್ಲೇ ಬಸ್ಸು ಹತ್ತಿದ.

ಕಟ್ಟಡದ ಅಂಗಳದಲ್ಲಿ ಎಲ್ಲರೂ ನೆರೆದಿದ್ದರು. ನಡುವೆ ಫೈಲು ಹಿಡಿದ ಯುವಕನೊಬ್ಬ ಬರೆದುಕೊಳ್ಳುತ್ತಿದ್ದ. ಶೆಟ್ಟರು ಓಡಿ ಬಂದು ಶಿವರುದ್ರಪ್ಪನನ್ನು ಪಕ್ಕಕ್ಕೆ ಕರೆದರು. ಅವರ ಮುಖ ಅರಳಿತ್ತು.

"ಇನ್ಶೂರೆನ್ಸ್‌ನವರು ನಿಮ್ಮನ್ನು ವಿಚಾರಿಸ್ಲಿಕ್ಕೆ ಬಂದಿದ್ದಾರೆ. ಕಾಯಿಲೆಗೆ ದುಡ್ಡು ಕೊಡ್ಲಿಕ್ಕೇ ಇರ್ಬೇಕು ಅಂತ ನಮಗೆ ಗೊತ್ತಾಯ್ತು. ಸಣ್ಣ ಕಾಯಿಲೆಗೆ ಅವರು ಎಷ್ಟು ಕೊಟ್ಟಾರು? ಹತ್ತು ವರ್ಷದಿಂದ ಉಂಟು, ಕಾಲಲ್ಲಿ ಗಾಯವೂ ಉಂಟು ಅಂತ ಹೇಳಿದೆ. ಜನ್ಮದಲ್ಲಿ ಸುಳ್ಳು ಹೇಳಿದವನಲ್ಲ ನಾನು. ನಿಮಗೋಸ್ಕರ ಇವತ್ತು ಹೇಳಿದೆ."

ಶಿವರುದ್ರಪ್ಪ ಮುಂದಿನ ಮಾತಿಗೆ ನಿಲ್ಲಲಿಲ್ಲ. ವರದಿ ಹಿಡಿದು ಆ ಯುವಕನ ಹತ್ತಿರ ಧಾವಿಸಿದ. ಅವನ ಹೆಸರು ಅಮರ, ಸೊಲ್ಲಾಪುರದ ಕಡೆಯವನು, ಬಹಳ ಮರ್ಯಾದಸ್ಥ.

"ನನಗ ಸಕ್ಕರಿ ಕಾಯಿಲೆ ಇಲ್ಲಪಾ. ಎಳ್ಳುಂಡಿ ತಪ್ಪಸ್ಲಿಕ್ಕೆ ಸುಳ್ಳು ಹೇಳಿದ್ದೆ. ರಿಪೋರ್ಟ್ ನೋಡು, ಎಷ್ಟು ಛಲೋ ಅದ."

ಅಮರ ವರದಿಯನ್ನು ಗೌರವದಿಂದ ಓದಿದ.

"ದಿನಾ ಗುಳಿಗಿ ತಗೊಂಡ್ರ ರಿಪೋರ್ಟ್ ಹಿಂಗ ಬರತಾವ್ರಿ ಕಾಕಾ. ಅರ್ಜ್ಯಾಗ ಕಾಯಿಲೆ ಇಲ್ಲ ಅಂತ ಬರದೀರಿ, ಇಲ್ಲಿ ಏಳು ಮನಿಯವ್ರು ಅದ ಅಂತ ಸಹಿ ಮಾಡ್ಯಾರ. ಮುಚ್ಚಿಟ್ಟವ್ರಿಗೆ ಪಾಲಿಸಿ ಕೊಡೂದಿಲ್ರಿ."

ಬೇರೆ ಕಂಪನಿಯಾದರೂ ಕೊಟ್ಟೀತೇ ಎಂದು ಶಿವರುದ್ರಪ್ಪ ಅಂಗಲಾಚಿದ. ಈ ಮೊದಲು ಯಾರಾದರೂ ನಿಮಗೆ ವಿಮೆ ನಿರಾಕರಿಸಿದ್ದಾರೆಯೇ ಎಂಬ ಪ್ರಶ್ನೆ ಎಲ್ಲ ಕಂಪನಿಯ ಅರ್ಜಿಯಲ್ಲೂ ಇರುತ್ತದೆ ಎಂದು ಅಮರ ತಿಳಿಸಿದ.

"ಅಲ್ಲಿ ಮಾತ್ರ ಸುಳ್ಳು ಬರೀಬ್ಯಾಡ್ರಿ ಕಾಕಾ" ಎಂದು ಬುದ್ಧಿ ಹೇಳಿ, ಫೈಲು ಮುಚ್ಚಿ, ಎಲ್ಲರಿಗೂ ಕೈಮುಗಿದು ಹೋದ.

ಶಿವರುದ್ರಪ್ಪ ಮೆಟ್ಟಿಲ ಮೇಲೆ ಕೂತ. ಅಪ್ಪನ ಮಂಚ ಕಣ್ಣ ಮುಂದೆ ಬಂತು. ಇಷ್ಟು ಒಳ್ಳೆಯ ಜನರನ್ನು ಬೈಯುವುದಾದರೂ ಹೇಗೆ? ಅದರ ಮೇಲೆ ಹಸಿವು ಬೇರೆ, ನಿನ್ನೆ ರಾತ್ರಿಯಿಂದ ಹೊಟ್ಟೆಯಲ್ಲಿ ಒಂದು ಕಾಳಿಲ್ಲ. ಆಗ ನೀತಾ ವಹಿನಿ ಎಳ್ಳುಂಡೆಯ ತಟ್ಟೆ ಹಿಡಿದು ಎಲ್ಲರಿಗೂ ಹಂಚುತ್ತ ಬಂದರು. ಹೋದದ್ದು ಹೋಯಿತು, ಇದಾದರೂ ದಕ್ಕಲಿ ಎಂದು ಶಿವರುದ್ರಪ್ಪ ಕೈ ಚಾಚಿದ.

ಅವರ ಕನ್ನಡದ ಮಾತೊಂದೂ ತಿಳಿಯದ ವಹಿನಿ ತಟಕ್ಕನೆ ತಟ್ಟೆಯನ್ನು ಸೆರಗಿನ ಹಿಂದೆ ಬಚ್ಚಿಟ್ಟರು. ಗದರಿಸುತ್ತಲೇ ಮೇಲೆ ಮನೆಗೆ ಹೋಗಿ, ಅವನಿಗಾಗಿ ಅರೆದಿಟ್ಟಿದ್ದ ಹಾಗಲಕಾಯಿ ರಸದ ಲೋಟ ತಂದು ಕೈಗಿತ್ತರು. ನನ್ನ ಎದುರಿಗೇ ಕುಡಿಯಬೇಕು ಎಂದರು. ಅಮರನ ಗುಳಿಗೆಯ ಮಾತನ್ನೇ ನಂಬಿದ್ದ ಶೆಟ್ಟರು ಬೆನ್ನು ಸವರಿದರು. ಸಹಿ ಮಾಡಿದ ಏಳೂ ಮನೆಯವರು ಸುತ್ತ ನಿಂತು ಪ್ರೀತಿಯಿಂದ ನೋಡುತ್ತಿದ್ದರು. ಶಿವರುದ್ರಪ್ಪ ಕಣ್ಣು ಮುಚ್ಚಿ ಕುಡಿದ.